ಸಿಹಿಗುಳಿಗೆ ಮತ್ತು ನನ್ನ ವಾದ

ಚಿಕ್ಕಮ್ಮ ಹೋಮಿಯೋಪಥಿ ಶುರು ಮಾಡಿದ್ದಾಳೆ ಎಂದು ನನಗೆ ಗೊತ್ತಾದದ್ದು ಅವಳು ಕಾಫಿ ಬಿಟ್ಟದ್ದರಿಂದ. ಅಹಮದಾಬಾದಿನ ನವರಂಗಪುರದಲ್ಲಿ ಚಿಕ್ಕಪ್ಪನದ್ದೊಂದು ಉಡುಪಿ ಹೋಟೆಲು. ಬೆಳಿಗ್ಗೆ ಮೊದಲ ಡಿಕಾಕ್ಷನ್ನಿನ ರುಚಿ ನೋಡಿ "ಆಯ್ತು, ಕೊಡಿ" ಎನ್ನುವುದು ಇಪ್ಪತ್ತು ವರ್ಷದಿಂದ ಚಿಕ್ಕಮ್ಮನ ಕೆಲಸ. ಅವಳು ಹೇಳದೆ ಗಿರಾಕಿಯ ಮೇಜಿಗೆ ಕಾಫಿ ಹೋಗುವುದಿಲ್ಲ. ಆ ದಿನ ಲೋಟವನ್ನು ನನ್ನ ಕಡೆ ತಳ್ಳಿದಳು.

"ನೀನು ನೋಡು. ನನಗೆ ಇನ್ನು ಆಗುದಿಲ್ಲ."

"ಯಾಕೆ, ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆಗೆ ಎಂತ ಆಗ್ಲಿಲ್ಲ. ಉಬ್ಬಸಕ್ಕೆ ಹೋಮಿಯೋಪಥಿ ಗುಳಿಗೆ ತಗೊಳ್ತಾ ಇದ್ದೇನೆ. ಅದಕ್ಕೆ ಕಾಫಿ ಆಗುದಿಲ್ವಂತೆ, ವಾಸನೆ ಸಹ. ಕರ್ಪೂರವೂ ಆಗುದಿಲ್ಲ."

ಆ ಹೋಮಿಯೋಪಥಿಯವರು ಈರುಳ್ಳಿ, ಬೆಳ್ಳುಳ್ಳಿ ಬಿಡಿ ಎಂದಷ್ಟೇ ಹೇಳಿದ್ದರೆ ನಮ್ಮಲ್ಲಿ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಅವೆರಡೂ ಮನೆಯೊಳಗೆ ಬರುವುದೇ ಇಲ್ಲ. ಆದರೆ ಕಾಫಿ, ಕರ್ಪೂರ! ಗಲ್ಲಾಪೆಟ್ಟಿಗೆಯ ಹಿಂದಿನ ದೇವರ ಪಟಕ್ಕೆ ಕರ್ಪೂರದಾರತಿ ಎತ್ತಿದ ಮೇಲೆಯೇ ಹೋಟೆಲಿನ ಶಟರ್ ಪೂರ್ತಿ ಮೇಲೆ ಹೋಗುವುದು. ಚಿಕ್ಕಪ್ಪ ಈಗ ತುಪ್ಪದ ಬತ್ತಿಯಲ್ಲಿ ಆರತಿ ಎತ್ತುತ್ತಿದ್ದರು, ಮುಖ ಗಂಟಿಕ್ಕಿಕೊಂಡೇ.

ನಾನು ಊರಿನಿಂದ ಬಂದು ಆಗ ಏಳೆಂಟು ತಿಂಗಳಾಗಿತ್ತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ವಾಸ ಹೋಟೆಲಿನ ಮೇಲಿನ ಮನೆಯಲ್ಲಿ, ಇವರಿಬ್ಬರ ಜೊತೆ. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ಅಲ್ಲಿ ಕಲಿಸಿದ ಒಂದು ಪಟ್ಟು ನನಗೆ ಬಹಳ ಇಷ್ಟ. ಎದುರಾಳಿಯ ಮಾತನ್ನು ಅಲ್ಲಗಳೆಯಬೇಡ, ಒಪ್ಪಿಕೋ. ಒಪ್ಪಿಕೊಂಡು ಅದನ್ನು ಕೊನೆಯವರೆಗೆ ನಡೆಸಿಕೊಂಡು ಹೋಗು. ಅದು ಎಂಥ ಅಸಂಬದ್ಧಕ್ಕೆ ಹೋಗಿ ಬೀಳುತ್ತದೆ ಎಂದು ಎಲ್ಲರಿಗೂ ತಾನಾಗಿ ಕಾಣುತ್ತದೆ. ತೀರ್ಪುಗಾರರು ನಗುತ್ತಾರೆ, ಅಂಕ ಬೀಳುತ್ತದೆ.

ಚಿಕ್ಕಮ್ಮನ ಉಬ್ಬಸ ಈ ಊರಿಗೆ ಬಂದ ಮೇಲೆ ಅಂಟಿದ್ದು. ಎದೆಯ ಡಾಕ್ಟರು ಕೊಟ್ಟ ಪಂಪನ್ನು, ಅಂದರೆ ಇನ್ಹೇಲರನ್ನು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಎಳೆಯಬೇಕು. ಎಳೆಯುತ್ತಿದ್ದಷ್ಟು ದಿನ ತೊಂದರೆ ಇಲ್ಲ. ತೊಂದರೆ ಇಲ್ಲ ಎಂಬುದೇ ಅವಳ ತಕರಾರು. ಚೆನ್ನಾಗಿಯೇ ಇದ್ದೇನಲ್ಲ, ಮತ್ತೆ ಇದು ಯಾಕೆ? ಅಕ್ಕಪಕ್ಕದ ಹೆಂಗಸರು "ಅಯ್ಯೋ, ಪಂಪಿನ ತನಕ ಹೋಯ್ತಾ!" ಎಂದು ಮರುಗಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಶನಿವಾರ ಅವಳ ಜೊತೆ ನಾನೂ ಹೊರಟೆ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಕರೆದುಕೊಂಡು ಹೋದಳು.

ಎರಡು ಕೋಣೆಯ ಕ್ಲಿನಿಕ್ಕು, ಗೋಡೆ ತುಂಬ ಬೆರಳುದ್ದದ ಕಂದು ಬಾಟಲಿಗಳು. ವೈದ್ಯೆಗೆ ಅರವತ್ತು ದಾಟಿರಬೇಕು. ಎಲ್ಲರೂ ಅವರನ್ನು ಡಾಕ್ಟರ್ ಬೆನ್ ಎನ್ನುತ್ತಿದ್ದರು. ಗುಜರಾತಿಯಲ್ಲಿ ಬೆನ್ ಎಂದರೆ ಅಕ್ಕ. ಅವರು ಚಿಕ್ಕಮ್ಮನ ಎದೆಗೆ ಸ್ಟೆಥಾಸ್ಕೋಪ್ ಇಟ್ಟದ್ದು ಒಂದೇ ನಿಮಿಷ. ಉಳಿದ ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಉಬ್ಬಸ ಬಂದಾಗ ಬಗ್ಗಿ ಕೂತರೆ ಹಾಯೋ, ಒರಗಿದರೆ ಹಾಯೋ? ನೀರು ಗಟಗಟ ಕುಡಿಯುತ್ತೀರೋ, ಗುಟುಕು ಗುಟುಕಾಗಿಯೋ? ಒಬ್ಬರೇ ಇರಲು ಹೆದರಿಕೆಯೋ? ಸಿಟ್ಟು ಬಂದರೆ ಏನು ಮಾಡುತ್ತೀರಿ?

"ಸುಮ್ಮನಾಗ್ತೇನೆ," ಎಂದಳು ಚಿಕ್ಕಮ್ಮ. ಇದನ್ನು ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ನಾನು ನೋಡಿದೆ. ನೋಡಿ, ಇದೇ ಇವರ ಬಂಡವಾಳ ಎಂದುಕೊಂಡೆ.

ಆಮೇಲೆ ಮಾತು ಮುರಿದೆ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹಿಂದಿಯಲ್ಲಿ ಕೇಳಿಯೇಬಿಟ್ಟೆ.

"ಬೇಟಾ, ಈರುಳ್ಳಿ ಹೆಚ್ಚಿದರೆ ಏನಾಗುತ್ತದೆ?"

"ಕಣ್ಣು ಮೂಗು ಸುರಿಯುತ್ತದೆ."

"ಹಾಗೆ ಸುರಿಯುವ ನೆಗಡಿಗೆ ನಾವು ಈರುಳ್ಳಿಯಿಂದಲೇ ಮಾಡಿದ ಔಷಧಿ ಕೊಡುತ್ತೇವೆ. ಆರೋಗ್ಯ ಇದ್ದವರಲ್ಲಿ ಯಾವ ಪದಾರ್ಥ ಯಾವ ಲಕ್ಷಣ ಹುಟ್ಟಿಸುತ್ತದೋ, ರೋಗಿಯಲ್ಲಿ ಅದೇ ಲಕ್ಷಣವನ್ನು ಅದು ಕಳೆಯುತ್ತದೆ. ಸಮಕ್ಕೆ ಸಮ. ಇನ್ನೂರು ವರ್ಷದ ಹಿಂದೆ ಜರ್ಮನಿಯ ಒಬ್ಬ ವೈದ್ಯರು ಇಟ್ಟ ಮೊದಲನೇ ನಿಯಮ ಇದು."

ಎರಡನೆಯದು ಪ್ರಮಾಣ. ಪದಾರ್ಥದ ಒಂದು ಪಾಲಿಗೆ ತೊಂಬತ್ತೊಂಬತ್ತು ಪಾಲು ಸ್ಪಿರಿಟ್ಟೋ ನೀರೋ ಸೇರಿಸಿ ಜೋರಾಗಿ ಕುಲುಕಬೇಕು. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ತೊಂಬತ್ತೊಂಬತ್ತು. ಹೀಗೆ ತೆಳುವಾದಷ್ಟೂ ಔಷಧಿ ತೀಕ್ಷ್ಣ ಎಂದು ಅವರ ನಂಬಿಕೆ. ಕೊನೆಯ ಹನಿಗಳನ್ನು ಸಕ್ಕರೆ ಗುಳಿಗೆಗೆ ಹಾಕುತ್ತಾರೆ. ಮತ್ತೆ, ಔಷಧಿ ರೋಗಕ್ಕಲ್ಲ, ಮನುಷ್ಯನಿಗೆ. ಒಂದು ಸಲಕ್ಕೆ ಒಂದೇ. ಇಬ್ಬರಿಗೆ ಉಬ್ಬಸ ಇದ್ದರೆ ಇಬ್ಬರಿಗೂ ಬೇರೆ ಬೇರೆ ಗುಳಿಗೆ ಸಿಗಬಹುದು.

"ಅಷ್ಟು ಸಲ ತೆಳು ಮಾಡಿದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲವಲ್ಲ?"

"ಪದಾರ್ಥ ಉಳಿಯುವುದಿಲ್ಲ. ಅದರ ಶಕ್ತಿ ಉಳಿಯುತ್ತದೆ ಎನ್ನುತ್ತೇವೆ."

"ಆ ಶಕ್ತಿಯನ್ನು ಅಳೆಯಲು ನಿಮ್ಮ ಹತ್ತಿರ ಏನಿದೆ?"

"ಯಂತ್ರ ಇಲ್ಲ ಬೇಟಾ. ಇಷ್ಟು ವರ್ಷದ ರೋಗಿಗಳಿದ್ದಾರೆ."

"ಅದು ಪುರಾವೆ ಅಲ್ಲ. ಸುಮ್ಮನೆ ಇದ್ದರೂ ಎಷ್ಟೋ ಜನಕ್ಕೆ ವಾಸಿಯಾಗುತ್ತದೆ."

ಚಿಕ್ಕಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಡಾಕ್ಟರ್ ಬೆನ್ ನಕ್ಕು, "ಇವಳ ಕೇಸು ಬರೆಯಲು ಎರಡು ಗಂಟೆ ಬೇಕು," ಎಂದರು. ಆಮೇಲೆ ಗುಳಿಗೆ ಕೊಡುತ್ತ ಚಿಕ್ಕಮ್ಮನಿಗೆ ಗುಜರಾತಿಯಲ್ಲಿ ಏನೋ ಒತ್ತಿ ಹೇಳಿದರು. ನಾನು ಮುಂದಿನ ಪ್ರಶ್ನೆ ಜೋಡಿಸುತ್ತಿದ್ದೆ; ಕೇಳಿಸಿಕೊಳ್ಳಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಲ್ಯಾಬಿನಲ್ಲಿ ಗಾಜಿನ ಪಾತ್ರೆಗಳನ್ನು ಸಾಲಾಗಿ ಇಟ್ಟೆ. ನಮ್ಮ ಕಾರ್ಖಾನೆಯದೇ ಕೆಂಪು ಬಣ್ಣ. ಒಂದಕ್ಕೆ ತೊಂಬತ್ತೊಂಬತ್ತು ನೀರು. ಮೊದಲನೆಯದು ದಾಸವಾಳದ ಕೆಂಪು. ಎರಡನೆಯದು ತೀರ ತೆಳು ಗುಲಾಬಿ. ಮೂರನೆಯದು ಕಣ್ಣಿಗೆ ಬರೀ ನೀರು. ನಾಲ್ಕನೆಯದರಲ್ಲಿ ಬಣ್ಣ ಅಳೆಯುವ ಯಂತ್ರವೂ ಏನೂ ಇಲ್ಲವೆಂದಿತು. ಚಿಕ್ಕಮ್ಮನ ಬಾಟಲಿಯ ಮೇಲಿದ್ದ ಅಂಕಿ ಮೂವತ್ತು, ಅಂದರೆ ಹೀಗೆ ಮೂವತ್ತು ಸಲ ತೆಳು ಮಾಡಿದ್ದು. ಹನ್ನೆರಡು ಸಲ ದಾಟುವಷ್ಟರಲ್ಲೇ ಮೂಲದ ಒಂದು ಅಣು ಉಳಿದಿರುವುದೂ ಅನುಮಾನ. ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಬಂದು, ಊಟಕ್ಕೆ ಕೂತಾಗ ತೋರಿಸಿದೆ.

"ಚಂದ ಉಂಟು," ಎಂದಳು ಚಿಕ್ಕಮ್ಮ. "ಈ ಎರಡನೇದ್ರ ಬಣ್ಣದಲ್ಲಿ ಸೀರೆ ಸಿಕ್ಕಿದ್ರೆ ಒಳ್ಳೇದಿತ್ತು."

ನನಗೆ ರೇಗಿತು. ಪಟ್ಟು ಹಾಕಿದೆ.

"ಸರಿ. ನಿನ್ನ ಡಾಕ್ಟರ್ ಬೆನ್ ಹೇಳಿದ್ದೆಲ್ಲ ಸತ್ಯ ಅಂತಲೇ ಇಟ್ಕೊಳ್ಳುವ. ಕಾಫಿಯ ವಾಸನೆಗೇ ಈ ಗುಳಿಗೆಯ ಶಕ್ತಿ ಹೋಗ್ತದೆ, ಹೌದಲ್ಲ? ಹಾಗಾದ್ರೆ ನೀನು ದಿನಾ ನಾಲ್ಕು ಸಲ ಎಳೆಯುವ ಪಂಪು? ಅದರಲ್ಲಿರುವುದು ನಿಜವಾದ ಔಷಧಿ. ಅದರ ಎದುರು ಇದು ಒಂದು ಕ್ಷಣ ನಿಲ್ತದಾ? ಗುಳಿಗೆ ಕೆಲಸ ಮಾಡ್ಬೇಕಾದ್ರೆ ನೀನು ಕಾಫಿಯಲ್ಲ, ಮೊದಲು ಪಂಪು ಬಿಡ್ಬೇಕು!"

ಚಿಕ್ಕಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. "ಬಿತ್ತು ನೋಡು! ಈ ಲಾಯರಮ್ಮನ ಹತ್ರ ಗೆಲ್ಲುದುಂಟಾ ನೀನು?"

ಚಿಕ್ಕಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವಳಲ್ಲಿ ಉತ್ತರ ಇಲ್ಲ, ಅಂದರೆ ಗೆದ್ದೆ. ನಾನು ಹಾಗೆಯೇ ತಿಳಿದುಕೊಂಡೆ.

ಮುಂದೆ ಆ ವಿಷಯ ಮನೆಯಲ್ಲಿ ಏಳಲಿಲ್ಲ. ದೀಪಾವಳಿ ಕಳೆಯಿತು. ಅವಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು, ಚಟ್ನಿಗೆ ಕಾಯಿ ತುರಿಯುತ್ತಿದ್ದಳು. ಚಳಿ ಶುರುವಾದ ಮೇಲೆ ರಾತ್ರಿ ಎರಡು ದಿಂಬು ಇಟ್ಟು ಮಲಗುತ್ತಿದ್ದಳಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ಡಿಸೆಂಬರಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಬಿಗೆ ಚಿಕ್ಕಪ್ಪನ ಫೋನು. "ಆಸ್ಪತ್ರೆಗೆ ಬಾ" ಎಂದರು, ಇಟ್ಟರು. ಸಾಂಬಾರಿನ ಒಗ್ಗರಣೆಯ ಹೊಗೆ ಎದ್ದಾಗ ಕೆಮ್ಮಲು ಶುರು ಮಾಡಿದವಳು ನಿಲ್ಲಿಸಲಿಲ್ಲವಂತೆ. ನಾನು ಹೋದಾಗ ಚಿಕ್ಕಮ್ಮ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಗ್ಗಿ ಕೂತಿದ್ದಳು. ಪ್ರತಿ ಉಸಿರಿಗೂ ಹೆಗಲು ಮೇಲೆ ಏಳುತ್ತಿತ್ತು. ಕತ್ತಿನ ಕುಳಿ ಒಳಗೆ ಹೋಗುತ್ತಿತ್ತು. ತುಟಿಯ ಬಣ್ಣ ನೋಡಿ ನಾನು ಬೇರೆ ಕಡೆ ತಿರುಗಿದೆ. ಬಾಯಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಬಿಟ್ಟಿದ್ದರು. ಅಲ್ಲಿನ ಡಾಕ್ಟರು ಕೇಳಿದರು: "ಪಂಪು ಬಿಟ್ಟು ಎಷ್ಟು ದಿನವಾಯಿತು?"

"ಬಿಟ್ಟಿಲ್ಲ, ದಿನಾ ತಗೊಳ್ಳುತ್ತಾರೆ," ಎಂದೆ.

ಚಿಕ್ಕಮ್ಮ ಮಂಚದಿಂದ ಒಂದು ಕೈ ತೆಗೆದು ಎರಡು ಬೆರಳು ಎತ್ತಿದಳು.

"ಎರಡು ದಿನ?" ತಲೆ ಅಲ್ಲಾಡಿಸಿದಳು. "ವಾರ?" ಮತ್ತೆ ಇಲ್ಲ. "ತಿಂಗಳು?"

ಹೌದು.

"ಹೋಮಿಯೋಪಥಿ ಮಾಡ್ತಾ ಇದ್ಳು," ಎಂದರು ಚಿಕ್ಕಪ್ಪ, ಯಾರನ್ನೂ ನೋಡದೆ. ಡಾಕ್ಟರು ತಲೆಯಾಡಿಸಿ ಫೈಲಿನಲ್ಲಿ ಬರೆದುಕೊಂಡರು: ಹೋಮಿಯೋಪಥಿ ವೈದ್ಯರ ಸಲಹೆಯಂತೆ ಇನ್ಹೇಲರ್ ನಿಲ್ಲಿಸಿದ್ದಾರೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಸಾಲು ಓದಿದಾಗ ನನ್ನೊಳಗೆ ಎದ್ದದ್ದರಲ್ಲಿ ಭಯದ ಜೊತೆ ಒಂದು ಚೂರು ಸಂತೋಷವೂ ಇತ್ತು. ನಾನು ಹೇಳಿದ್ದು ಸರಿಯಾಯಿತು ಎಂಬ ಸಂತೋಷ.

ಸಂಜೆಯ ಹೊತ್ತಿಗೆ ಅವಳ ಉಸಿರು ಸ್ವಲ್ಪ ತಹಬಂದಿಗೆ ಬಂತು. ನಾನು ನೇರ ಆಟೋ ಹಿಡಿದು ಕ್ಲಿನಿಕ್ಕಿಗೆ ಹೋದೆ. ಕಾಯುತ್ತಿದ್ದ ನಾಲ್ಕೈದು ಜನರ ಎದುರೇ ಹೇಳಿದೆ: "ನಿಮ್ಮ ಸಕ್ಕರೆ ನಂಬಿ ನನ್ನ ಚಿಕ್ಕಮ್ಮ ಪಂಪು ಬಿಟ್ಟರು. ಈಗ ಆಸ್ಪತ್ರೆಯಲ್ಲಿದ್ದಾರೆ."

ಡಾಕ್ಟರ್ ಬೆನ್ ಎದ್ದು ನಿಂತರು. "ಈಗ ಉಸಿರು ಹೇಗಿದೆ?"

ಜಗಳಕ್ಕೆ ಬಂದವಳು ನಾನು. ಪರವಾಗಿಲ್ಲ ಎಂದೆ. ಅವರು ಕೇಸಿನ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಚಿಕ್ಕಮ್ಮನ ಪುಟದಲ್ಲಿ ಮೇಲುಗಡೆ ಕೆಂಪು ಶಾಯಿಯಲ್ಲಿತ್ತು: ಪಂಪು ನಿಲ್ಲಿಸಬಾರದು. ಪ್ರತಿ ಭೇಟಿಯ ತಾರೀಖಿನ ಪಕ್ಕದಲ್ಲೂ ಪಂಪು ಚಾಲೂ ಇದೆ ಎಂದು ಬರೆದಿತ್ತು.

"ನೀನು ಬಂದ ದಿನವೂ ನಿನ್ನ ಎದುರೇ ಹೇಳಿದ್ದೇನೆ. ಪ್ರತಿ ಸಲ ಕೇಳಿದ್ದೇನೆ. ಪ್ರತಿ ಸಲ 'ಹಾ ಬೆನ್, ಚಾಲೂ' ಅಂದಿದ್ದಾರೆ."

"ಸಕ್ಕರೆ ಗುಳಿಗೆಯಿಂದ ಉಬ್ಬಸ ವಾಸಿಯಾಗುತ್ತದೆ ಅಂತ ನೀವು ಆಸೆ ಹುಟ್ಟಿಸದಿದ್ದರೆ ಅವರು ಬಿಡುತ್ತಿರಲಿಲ್ಲ," ಎಂದೆ. ಈ ಮಾತನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ.

"ಇರಬಹುದು," ಎಂದರು ಅವರು. "ಆದರೆ ಬಿಡಲು ಹೇಳಿದ್ದು ಯಾರು, ಅದನ್ನು ಕೇಳು."

ಮರುದಿನ ಬೆಳಿಗ್ಗೆ ಕೇಳಿದೆ. ಮಾಸ್ಕ್ ತೆಗೆದಿದ್ದರು. ಚಿಕ್ಕಮ್ಮ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು.

"ನೀನೇ ಹೇಳಿದ್ದಲ್ವಾ?" ಎಂದಳು. ದೂರು ಹೇಳುವ ದನಿ ಅಲ್ಲ; ನೆನಪಿಸುವ ದನಿ.

"ನಾನಾ?"

"ಮತ್ತೆ? ಗುಳಿಗೆ ಕೆಲಸ ಮಾಡ್ಬೇಕಾದ್ರೆ ಮೊದಲು ಪಂಪು ಬಿಡ್ಬೇಕು ಅಂತ. ಊಟಕ್ಕೆ ಕೂತಿದ್ದಾಗ. ನಿಂಗೆ ಕೆಮಿಸ್ಟ್ರಿ ಗೊತ್ತುಂಟು, ಯಾವುದು ಯಾವುದನ್ನು ಕೊಲ್ತದೆ ಅಂತ ಗೊತ್ತಿರ್ತದೆ." ಎರಡು ಉಸಿರು ತೆಗೆದುಕೊಂಡಳು. "ಕಾಫಿ ಬಿಟ್ಟೆ, ಕರ್ಪೂರ ಬಿಟ್ಟೆ. ಇಷ್ಟೆಲ್ಲ ಬಿಟ್ಟು ಪಂಪಿಂದ ಗುಳಿಗೆ ಹಾಳಾದ್ರೆ ಎಂತ ಪ್ರಯೋಜನ?"

"ನಮಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಮತ್ತೆ ಶುರು ಮಾಡ್ತೀಯಲ್ಲ ಮಾರಾಯ್ತಿ. ನಂಗೆ ನಿನ್ನ ಹಾಗೆ ಮಾತು ಬರುದಿಲ್ಲ. ಡಾಕ್ಟರ್ ಬೆನ್ನಿಗೆ ಹೇಳಿದ್ರೆ ಬೈತಾರೆ. ಸುಮ್ಮನಿದ್ದೆ."

ನಾನು ಅಷ್ಟು ದಿನ ಆಡಿದ ಮಾತಿನಲ್ಲಿ ಅವಳು ನಂಬಿ ನಡೆದದ್ದು ಒಂದನ್ನೇ, ಅದೂ ನಾನು ನಂಬದೆ ಆಡಿದ್ದನ್ನು. ತೀರ್ಪುಗಾರರು ಇರುವ ಕಡೆ ಆ ಪಟ್ಟು ಎಲ್ಲರಿಗೂ ಅರ್ಥವಾಗುತ್ತದೆ. ಅನ್ನ ಬಡಿಸುತ್ತಿರುವ ಹೆಂಗಸಿಗೆ ಅದು ಪಟ್ಟು ಎಂದು ಯಾರು ಹೇಳಬೇಕಿತ್ತು?

"ಪಂಪು ಬಿಡ್ಬೇಡ ಚಿಕ್ಕಮ್ಮ," ಎಂದೆ. ಮುಂದಿನ ವಾಕ್ಯ ಹೊಂದಿಸಲಿಲ್ಲ.

"ಮತ್ತೆ ಗುಳಿಗೆ?"

"ಅದರಲ್ಲಿ ಏನೂ ಇಲ್ಲ. ತಗೊಳ್ಳುದಾದ್ರೆ ತಗೋ. ಪಂಪು ಮಾತ್ರ ಯಾರು ಹೇಳಿದ್ರೂ ಬಿಡ್ಬೇಡ. ನಾನು ಹೇಳಿದ್ರೂ."

ಅವಳು ಗಂಜಿಯ ಬಟ್ಟಲು ನನ್ನ ಕೈಗೆ ಕೊಟ್ಟಳು.

ಮೂರನೇ ದಿನ ಮನೆಗೆ ಕಳಿಸುವ ಮುಂಚೆ ಡಾಕ್ಟರು ಫೈಲು ತೆರೆದರು. ಆ ಸಾಲು ಅಲ್ಲೇ ಇತ್ತು.

"ಇದು ತಪ್ಪು," ಎಂದೆ. "ಆ ವೈದ್ಯರು ಬಿಡಬೇಡಿ ಎಂದೇ ಹೇಳಿದ್ದರು. ಬಿಡಬೇಕು ಎಂದದ್ದು ನಾನು."

ಚಿಕ್ಕಪ್ಪ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದವರು ನಿಲ್ಲಿಸಿದರು.

ಡಾಕ್ಟರು ಕೇಳಿದರು: "ನೀವೇನು ಡಾಕ್ಟರಾ?"

"ಅಲ್ಲ. ತಮಾಷೆಗೆ ಹೇಳಿದ್ದು."

"ತಮಾಷೆ ಅಂತ ನೀನು ಹೇಳ್ಲಿಲ್ಲ," ಎಂದಳು ಚಿಕ್ಕಮ್ಮ ಕನ್ನಡದಲ್ಲಿ. ಅವಳು ಹೇಳಿದ್ದು ಸರಿ. ಅದು ತಮಾಷೆಯೂ ಆಗಿರಲಿಲ್ಲ.

ಡಾಕ್ಟರು ನನ್ನನ್ನು ಒಂದು ಸಲ ನೋಡಿ, ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಬರೆದರು. ಬರೆದು, ಕಡತ ನನ್ನ ಕಡೆ ತಿರುಗಿಸಿ ಪೆನ್ನು ಚಾಚಿದರು.

"ಎಂತ ಬರೆದ್ರು?" ಚಿಕ್ಕಮ್ಮ ಕೇಳಿದಳು.

"ಮನೆಯವರ ಮಾತು ಕೇಳಿ ಪಂಪು ಬಿಟ್ಟದ್ದು, ಅಂತ."

"ಹ್ಞೂಂ. ಹಾಗಾದ್ರೆ ಸಹಿ ಹಾಕು."

ಹಾಕಿದೆ.