ಹಗಲು ಬೂದೆಮ್ಮ, ರಾತ್ರಿ ಗೂಬೆ

“ನಾ ಒಮ್ಮಿ ‘ಹೋ’ ಅಂದ್ರ ಕಲ್ಲೂರಿನ ಮುಸ್ಯಾಗಳು ಓಡಿಹೋಗಿ ರಾಯಚೂರು ಕ್ವಾಟಿ ಮ್ಯಾಲ ಕುಂದರ್ತಾವ ನೋಡ್ರಿ!”

ಬೆಳಕು ಹರಿಯುವ ಹೊತ್ತು. ಶೇಂಗಾ ಹೊಲದ ಬದುವಿನಲ್ಲಿ ಕವಣೆ ಹಿಡಿದು ನಿಂತ ಬೂದೆಮ್ಮ, ನಾವು ನಂಬಿದೆವೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡಿ ನಗುತ್ತಾಳೆ. “ಅರ್ಧ ಸುಳ್ಳು ಬಿಡ್ರಿ. ಕಾಲುವಿ ದಾಟ್ತಾವ, ಅಷ್ಟಽ.”

ದೇವದುರ್ಗದ ಜಾಲಹಳ್ಳಿಯಲ್ಲಿ ಹುಟ್ಟಿ ಮಾನ್ವಿಯ ಕಲ್ಲೂರಿಗೆ ಸೊಸೆಯಾಗಿ ಬಂದವಳು. ಅವಳಿಗೆ ಎಪ್ಪತ್ತೆರಡು ವರ್ಷವಾದಾಗ ಗಂಡ ತೀರಿಕೊಂಡ. ಅಂದಿನಿಂದ ಊರಿನ ರೈತ ಮೌನಪ್ಪನ ಈ ಹೊಲ ಕಾಯುವುದೇ ಬದುಕು. ಸುಗ್ಗಿಯಲ್ಲಿ ಸಿಗುವ ಕಾಯಿಯೇ ಕೂಲಿ. ಈಗ ಎಂಬತ್ತಮೂರು, ಬೀಸುವ ತೋಳಿನ್ನೂ ಸೋತಿಲ್ಲ. ಹಗಲು ಬಳ್ಳಿ ಕೀಳುವ ಮುಸುವಗಳು ಅವಳ ಪಾಲಿಗೆ. ರಾತ್ರಿಯ ಇಲಿಗಳು, ಬದುವಿನ ಹುಣಸೆ ಪೊಟರೆಯಲ್ಲಿರುವ ಗೂಬೆಯ ಪಾಲಿಗೆ.

“ಮುಸ್ಯಾ ಅಂದ್ರ ಊರಿಗೆಲ್ಲಾ ಅಳಿಯ ಇದ್ದಂಗ. ತಿಂತದ, ಚೆಲ್ತದ, ಮ್ಯಾಲ ಹಲ್ಲು ಕಿರೀತದ. ಶನಿವಾರ ಹಣಮಪ್ಪನ ಗುಡಿ ಮುಂದ ಅದಕ್ಕ ಬಾಳಿಹಣ್ಣು ಬ್ಯಾರೆ! ಗೂಗಿ ಒಂದು ಕಾಯಿ ಮುಟ್ಟಂಗಿಲ್ಲ. ಎಮ್ಮಿಕರದಂಥಾ ಇಲಿ ಹಿಡೀತದ. ಅದಕ್ಕ ಕಲ್ಲು ಒಗೀತಾರ.”

ಕಳೆದ ವಾರ ಮೌನಪ್ಪ ಆ ಹುಣಸೆ ಕಡಿಯಲು ಕೊಡಲಿ ಹಿಡಿದೇ ಬಂದ. ಬೂದೆಮ್ಮ ಹುಣಸೆಯ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಳು.

“ಆಚಿಗೆ ಸರಿ ಯವ್ವಾ. ಮನಿಗೆ ಸೊಸಿ ಬರಾಕತ್ಯಾಳ. ಹೊಲಕ್ಕ ಬಂದಾಕಿ ಮುಂಜಾನೆದ್ದು ಗೂಗಿ ಮಾರಿ ನೋಡಬೇಕೇನು?”

“ಗಂಡಸತ್ತಾಕಿ ಮಾರಿನೂ ನೋಡಬಾರ್ದಂತಾರಪ್ಪಾ. ನಂದು ದಿನಾ ನೋಡ್ತಿ, ನಿನ್ನ ರಾಶಿ ಏನು ಕಮ್ಮಿ ಆತು? ಗಿಡ ಕಡಿಯಾಂವ ಇದ್ರ ಈ ಕವಣಿನೂ ತಗೋ. ಕೆಟ್ಟ ಮಾರಿ ಎರಡೂ ಕೂಡೇ ಹೋಗ್ಲಿ.”

ಕವಣೆಯನ್ನು ಅವನ ಕಾಲ ಬಳಿ ಇಟ್ಟೇಬಿಟ್ಟಳು. ಈ ವಯಸ್ಸಿನಲ್ಲಿ ಇನ್ನೊಬ್ಬರು ಹೊಲ ಕಾಯಲು ಕರೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮೌನಪ್ಪ ಕೊಡಲಿ ಹೊತ್ತು ಕಾಲುವೆ ಕಡೆ ನಡೆದ. ಬರುವಾಗ ಹೆಗಲ ಮೇಲೆ ಆಗಷ್ಟೇ ಕಡಿದ ಜಾಲಿಮುಳ್ಳು. ಮುಸುವ ಹತ್ತಿ ಗೂಬೆಮರಿಗೆ ಕೈಹಾಕದಂತೆ ಪೊಟರೆಯ ಕೆಳಗೆ ಸುತ್ತಲೂ ಬಿಗಿದ. ಕವಣೆಯನ್ನು ತಾನೇ ಬಗ್ಗಿ ಎತ್ತಿ ಅವಳ ಕೈಗಿಟ್ಟ.

ಹೇಳುವಾಗ ಬೂದೆಮ್ಮನ ಕುತ್ತಿಗೆ ನೆಟ್ಟಗಾಗುತ್ತದೆ. “ಗೂಗಿಗೆ ಅಷ್ಟು ಮಾಡಿದ್ನಾ? ಆಮ್ಯಾಲ ನನಗೊಂದು ಮಾತಂದ. ಸೊಸಿನ್ನ ಮನಿ ತುಂಬಿಸ್ಕೊಳ್ಳಾಗ ಬಾಗಿಲಾಗ ಆರತಿ ಹಿಡ್ದು ಯಾರು ನಿಂದರಬೇಕು ಅಂದಿದ್ದಾನು? ನೀವಽ ಹೇಳ್ರಿ ನೋಡಾಣ!”