ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ನನ್ನ ಮನೆಗೆ ಈಗ ಮುಲಾಮಿನ ವಾಸನೆ ಹತ್ತಿಬಿಟ್ಟಿದೆ. ಬಾಗಲಕೋಟೆಯ ನವನಗರದಲ್ಲಿ ಗಾಳಿಗೇನೂ ಬರವಿಲ್ಲ. ಹಿನ್ನೀರಿನ ಕಡೆಯಿಂದ ಬೀಸಿತೆಂದರೆ ಕಿಟಕಿಗಳೆಲ್ಲ ಬಡಿದುಕೊಳ್ಳುತ್ತವೆ. ಆದರೂ ಈ ವಾಸನೆ ಮಾತ್ರ ಹೋಗಲೊಲ್ಲದು. ದಿಂಬಿಗೆ, ಸೀರೆಗೆ, ಕೊನೆಗೆ ಚಹಾಕ್ಕೂ ಅದೇ ವಾಸನೆ. ಮುಲಾಮು ಹಚ್ಚಿಕೊಳ್ಳುವುದೇನು ದೊಡ್ಡ ವಿದ್ಯೆ ಎನ್ನುತ್ತೀರಾ? ಒಮ್ಮೆ ನಿಮ್ಮ ಬೆನ್ನಿಗೆ ನೀವೇ ಹಚ್ಚಿಕೊಂಡು ನೋಡಿ. ಮೇಲಿನಿಂದ ಕೈ ಹಾಕಿದರೆ ಅಷ್ಟು ಕೆಳಗೆ ಇಳಿಯುವುದಿಲ್ಲ, ಕೆಳಗಿನಿಂದ ಹಾಕಿದರೆ ಅಷ್ಟು ಮೇಲೆ ಏರುವುದಿಲ್ಲ. ನೋವಿರುವುದು ಸರಿಯಾಗಿ ನಡುವೆ ಉಳಿದ ಜಾಗದಲ್ಲೇ. ಸೌಟಿನ ಹಿಡಿಕೆಗೆ ಅರಿವೆ ಸುತ್ತಿ ಪ್ರಯತ್ನ ಮಾಡಿದೆ. ಮುಲಾಮು ಗೋಡೆಗೆ ಹತ್ತಿತು. ಮರುದಿನ ಸಾರು ಉಂಡಾಗ ನಾಲಿಗೆ ತಣ್ಣಗಾಯಿತು.

ನಗುವುದಿದ್ದರೆ ಸ್ವಲ್ಪ ತಡೆಯಿರಿ, ಇನ್ನೂ ದೊಡ್ಡ ತಮಾಷೆ ಇದೆ. ಒಂದು ಕಾಲಕ್ಕೆ ಇಳಕಲ್ಲಿನ ನಮ್ಮ ಓಣಿಗೆ ಬೆನ್ನುನೋವಿನ ದವಾಖಾನೆ ಅಂದರೆ ನಾನೇ ಆಗಿದ್ದೆ.

ನಾನು ತಾಯಿಯ ಹೊಟ್ಟೆಯಿಂದ ತಲೆ ಬಿಟ್ಟು ಕಾಲು ಮುಂದೆ ಮಾಡಿ ಬಂದವಳು. ಅವ್ವನ ಜೀವ ಹೋಗಿ ಬಂದಿತ್ತಂತೆ. ಆದರೆ ಹಾಗೆ ಹುಟ್ಟಿದವರ ಕಾಲು ಸೋಕಿದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಓಣಿಯೋ ನೇಕಾರರದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಮಗ್ಗದ ಮೇಲೆ ಬಾಗುವವರ ಬೆನ್ನು ಎಷ್ಟು ದಿನ ಸುಮ್ಮನಿದ್ದೀತು? ಸಂಜೆಯಾದರೆ ಯಾರಾದರೊಬ್ಬರು ಟೊಂಕದ ಮೇಲೆ ಕೈ ಇಟ್ಟುಕೊಂಡು ನಮ್ಮ ಬಾಗಿಲಿಗೆ ಬರುವವರೇ. ಚೌಕಟ್ಟು ಹಿಡಿದು ನನಗೆ ಬೆನ್ನು ಮಾಡಿ ಬಾಗುತ್ತಿದ್ದರು. ನಾನು ಎಡಗಾಲಿನಿಂದ ಮೆಲ್ಲಗೆ ಒದೆಯಬೇಕು. ಒದ್ದ ಕೂಡಲೇ ಅವ್ವನ ದನಿ ಬರುತ್ತಿತ್ತು: “ಹಿರ್ಯಾರಿಗಿ ಕಾಲ ತಾಗೇತಿ, ನಮಸ್ಕಾರ ಮಾಡು.” ಒದೆಯುವುದು, ಬಗ್ಗುವುದು, ಕಾಲು ಮುಟ್ಟುವುದು. ಇದು ನನಗೆ ಎಷ್ಟು ರೂಢಿಯಾಯಿತೆಂದರೆ ಸಾಲಿಯಲ್ಲಿ ಜಗಳಾಡಿ ಗೆಳತಿಯನ್ನು ಒದ್ದಾಗಲೂ ಬಗ್ಗಿ ನಮಸ್ಕಾರ ಮಾಡಿದ್ದೆ.

ಶಂಕ್ರಪ್ಪ ಕಾಕಾ ಎಂಬ ಒಬ್ಬರು ಎಲ್ಲರಿಗಿಂತ ಹೆಚ್ಚು ಬರುತ್ತಿದ್ದರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಒಮ್ಮೆ ನನಗೂ ಬೇಸರ ಬಂದು, “ಕಾಕಾ, ಇನ್ನೂ ನೋವು ಹೋಗಿಲ್ಲೇನು?” ಎಂದು ಕೇಳಿದೆ. “ಹೋಗ್ತೈತವಾ. ಮನಿ ಮುಟ್ಟೂದ್ರಾಗ ಮತ್ತ ಬರತೈತಿ,” ಅಂದರು. ನನ್ನ ಕಾಲಿನ ಗುಣ ಕಡಿಮೆಯಾಯಿತೇನೋ ಎಂದು ನನಗೆ ಚಿಂತೆಯಾಗಿತ್ತು. ಈಗ ಅವರ ಆ ಮಾತು ದಿನಾಲು ನೆನಪಾಗುತ್ತದೆ.

ನನ್ನ ಲಗ್ನವೂ ಈ ಕಾಲಿನಿಂದಲೇ ಆಯಿತು. ನಮ್ಮ ಮನೆಯವರು ಹುನಗುಂದದಲ್ಲಿ ಬಸ್ಸಿನ ಡ್ರೈವರ್. ಆ ಕಾಲದ ರಸ್ತೆಗಳಲ್ಲಿ ಗಾಡಿ ಓಡಿಸಿ ಓಡಿಸಿ ಮದುವೆಗೆ ಮೊದಲೇ ಬೆನ್ನು ಕೆಡಿಸಿಕೊಂಡಿದ್ದರು. ಹೆಣ್ಣು ನೋಡಲು ಬಂದ ನನ್ನ ಅತ್ತೆ ಅಡಿಗೆ ಬರುತ್ತದೋ ಹಾಡು ಬರುತ್ತದೋ ಕೇಳಲಿಲ್ಲ. “ಕಾಲ ಮುಂದಾಗಿ ಹುಟ್ಟಿದ್ದು ಖರೆ ಏನು?” ಎಂದಷ್ಟೇ ಕೇಳಿ ಎಲೆ ಅಡಿಕೆ ತೆಗೆದುಕೊಂಡರು. ಲೋಕದಲ್ಲಿ ಅತ್ತೆಯ ಎದುರಿಗೇ ಗಂಡನನ್ನು ಒದ್ದು ಶಾಭಾಸ್ ಅನ್ನಿಸಿಕೊಂಡ ಸೊಸೆ ನಾನೊಬ್ಬಳೇ ಇರಬೇಕು. ಅವರು ಗೆಳೆಯರ ಮುಂದೆ ಹೇಳುತ್ತಿದ್ದರು: “ನಿಮ್ಮ ಹೇಂತ್ಯಾರು ಸಿಟ್ಟಿಗಿ ಒದೀತಾರಲೇ. ನನ್ನಾಕಿ ಪ್ರೀತಿಲೆ ಒದೀತಾಳ.”

ಅವರು ಹೋದರು. ನಮಗೂ ಮಕ್ಕಳಾಗಲಿಲ್ಲ. ನಾನು ಸಾಲಿಯ ಅಕ್ಕೋರ ನೌಕರಿಯಿಂದ ನಿವೃತ್ತಳಾದೆ. ಅವರಿದ್ದಾಗ ಎಂದೂ ನೋಯದ ಬೆನ್ನು ಈಗ ಹಿಡಿದುಕೊಂಡಿತು. ನೀವೇ ಹೇಳಿ, ಯಾರ ಕಾಲು ತನ್ನ ಬೆನ್ನಿಗೆ ಮುಟ್ಟೀತು? ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನನಗೆ ಕಾಣದಿದ್ದರೆ ಹೋಗಲಿ, ಕಾಣುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಡಾಕ್ಟರು ಸಮಾಧಾನದವರು. ಕಾಲು ಜೋಮು ಹಿಡಿಯುತ್ತದೋ, ಮೂತ್ರಕ್ಕೆ ತೊಂದರೆಯಿದೆಯೋ ಎಂದು ಕೇಳಿ, ಇಲ್ಲವೆಂದ ಮೇಲೆ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. “ಅಕ್ಕೋರ, ಈ ವಯಸ್ಸಿಗಿ ಇಷ್ಟು ಸವೆದದ್ದು ಭಾಳ ಮಂದಿಗಿ ಇರತೈತ್ರಿ. ನೋವ ಇಲ್ಲದವ್ರಿಗೂ ಇರತೈತಿ. ಹೆದರಿ ಹಾಸಗಿ ಹಿಡೀಬ್ಯಾಡ್ರಿ, ಅಡ್ಡಾಡ್ರಿ. ನಿದ್ದಿಗೇಡು, ಚಿಂತಿ, ಒಬ್ಬಾಕೆ ಕುಂತಿರೂದು, ಇವೂ ನೋವು ಹೆಚ್ಚ ಮಾಡ್ತಾವು,” ಅಂದರು. ಕೊನೆಯ ಮಾತು ಕೇಳಿ ನಾನು ಚಿತ್ರದ ಕಡೆ ನೋಡಿದೆ. ನಾನು ಒಬ್ಬಳೇ ಇರುವುದೂ ಅದರಲ್ಲಿ ಮೂಡಿಬಿಟ್ಟಿದೆಯೇನೋ ಎಂದು ಅಂಜಿಕೆಯಾಯಿತು. ವಚನ ಹಾಡುವ ಹೆಂಗಸರ ಜೊತೆ ನೆಲಕ್ಕೆ ಕೂಡಲಾಗುವುದಿಲ್ಲವೆಂದು ಹೋಗುವುದು ಬಿಟ್ಟಿದ್ದೆ. ಯಾಕೆ ಬರಲಿಲ್ಲವೆಂದು ಯಾರೂ ಕೇಳಿರಲಿಲ್ಲ.

ವ್ಯಾಯಾಮ ಕಲಿಯಲು ಫಿಜಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಚುರುಕು. “ಅಂಗಾತ ಮಲಗ್ರಿ. ಮನ್ಯಾಗ ಯಾರಿಗರ ಹೇಳಿ ಪಾದ ಗಟ್ಟಿ ಹಿಡಿಸ್ಕೋರಿ, ಆಮ್ಯಾಲ ಟೊಂಕ ಎತ್ರಿ. ಮನ್ಯಾಗ ಅದಾರಲ್ರಿ?” ಎಂದಳು. “ಹೂಂ, ಅದಾರ,” ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಒಬ್ಬಳೇ ಎಂದರೆ ಆ ಹುಡುಗಿಯ ಮುಖ ಸಪ್ಪಗಾದೀತು, ‘ಅಯ್ಯ ಪಾಪ’ ಅಂದಾಳು. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಮನೆಗೆ ಬಂದು ಪಾದಗಳನ್ನು ಮಂಚದ ಕೆಳಗೆ ಸಿಕ್ಕಿಸಿ ಟೊಂಕ ಎತ್ತಿದೆ. ಮುಂದಿನ ಸಲ ಅವಳು, “ಯಾರು ಹಿಡಿದ್ರು?” ಅಂದಳು. “ಮಗಳು,” ಎಂದೆ. ಸುಳ್ಳಿಗೆ ಒಮ್ಮೆ ಉಣ್ಣಿಸಿದರೆ ಅದು ದಿನಾಲು ಕೇಳುತ್ತದೆ. ಇಲ್ಲದ ಮಗಳಿಗೆ ಬ್ಯಾಂಕಿನಲ್ಲಿ ನೌಕರಿ ಕೊಡಿಸಿದೆ, ಗುಳೇದಗುಡ್ಡದ ಖಣದ ಕುಪ್ಪಸ ಅವಳಿಗೆ ಇಷ್ಟ ಎಂದೆ, ಸಿಟ್ಟು ಸ್ವಲ್ಪ ಹೆಚ್ಚು ಎಂದೆ. ಒಂದು ಸಂಜೆ ಅನ್ನಕ್ಕೆ ಇಟ್ಟಾಗ ಅಕ್ಕಿ ಒಂದು ಹಿಡಿ ಹೆಚ್ಚೇ ಬಿದ್ದಿತ್ತು. ಅದನ್ನು ನೋಡುತ್ತ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಮೊನ್ನೆ ನನ್ನ ಸರದಿಗೆ ಮೊದಲು ಮರೋಳದ ಹನುಮವ್ವ ಎಂಬ ಮುದುಕಿ ಬೆಂಚಿನ ಮೇಲೆ ಕೂತಿದ್ದಳು. ಮಗ ಅವಳನ್ನು ಇಳಿಸಿ ಬಜಾರಕ್ಕೆ ಹೋಗಿದ್ದ. ಒಳಗಿನ ಯಂತ್ರಗಳ ಕಡೆ ನೋಡಿ ಮೂಗು ಮುರಿದಳು. “ಕಾಲ ಮುಂದಾಗಿ ಹುಟ್ಟಿದವ್ರು ಒಬ್ರು ಸಿಕ್ಕಿದ್ರ ನನಗ ಇದೆಲ್ಲ ಯಾಕ ಬೇಕಿತ್ತವಾ! ಈಗ ಹೊಟ್ಟಿ ಕೊಯ್ದು ತಗೀತಾರ. ಯಾರ ಯಾವ ಕಡಿಯಿಂದ ಬಂದ್ರಂತ ಅವರಿಗೇ ಗೊತ್ತಿರೂದಿಲ್ಲ.”

ನನ್ನ ಬಾಯಿ ಸುಮ್ಮನಿರಲಿಲ್ಲ. “ನಾ ಹಂಗ ಹುಟ್ಟೇನಬೇ,” ಎಂದೆ.

ಮುದುಕಿ ದೇವರನ್ನು ಕಂಡ ಹಾಗೆ ನನ್ನ ಕಾಲು ನೋಡಿದಳು. ನಾನು ಬೇಡವೆನ್ನುವುದರೊಳಗೆ ಎದ್ದು, ಬಾಗಿಲ ಚೌಕಟ್ಟು ಹಿಡಿದು ಬೆನ್ನು ಮಾಡಿ ನಿಂತಳು. ಫಿಜಿಯೋಥೆರಪಿ ಹುಡುಗಿ ಬಾಯಿ ಬಿಟ್ಟು ನೋಡುತ್ತಿದ್ದಳು. ಡಾಕ್ಟರು ಹೇಳಿದ್ದೆಲ್ಲ ನನಗೆ ಗೊತ್ತಿತ್ತು. ಸವೆದ ಬೆನ್ನಿಗೆ ನನ್ನ ಕಾಲು ಏನೂ ಮಾಡದು ಎಂಬುದೂ ಗೊತ್ತಿತ್ತು. ಆದರೂ ಗೋಡೆಗೆ ಕೈ ಕೊಟ್ಟು ಎಡಗಾಲು ಎತ್ತಿ, ಅವಳ ಟೊಂಕದ ಮೇಲೆ ಇಟ್ಟೆ. ಸೀರೆಯ ಮೇಲಿಂದಲೂ ಆ ಮೈಯ ಬಿಸಿ ಹತ್ತಿತು. ನಮ್ಮ ಮನೆಯವರು ಹೋದ ಮೇಲೆ ಇನ್ನೊಂದು ಜೀವವನ್ನು ನಾನು ಹೀಗೆ ಮುಟ್ಟಿರಲಿಲ್ಲ.

ಕಾಲು ಇಳಿಸಿದ್ದೇ ತಡ, ಹಿರಿಯ ಜೀವಕ್ಕೆ ಕಾಲು ತಾಗಿತಲ್ಲ, ಮೈ ತನ್ನ ರೂಢಿ ಮರೆಯಲಿಲ್ಲ. ನಮಸ್ಕಾರಕ್ಕೆಂದು ಸರಕ್ಕನೆ ಬಗ್ಗಿದೆ. ಅರ್ಧಕ್ಕೆ ಬೆನ್ನು ಹಿಡಿದುಕೊಂಡಿತು. ಕೆಳಗೂ ಹೋಗದೆ ಮೇಲೂ ಬಾರದೆ, ಮುದುಕಿಯ ಪಾದ ನೋಡುತ್ತ ನಿಂತುಬಿಟ್ಟೆ.

“ಅಕ್ಕೋರ, ಅಲುಗಾಡಬ್ಯಾಡ್ರಿ!” ಹುಡುಗಿ ಓಡಿ ಬಂದಳು. “ನಿಮ್ಮ ಮಗಳಿಗೆ ಫೋನ್ ಹಚ್ತೇನಿ. ನಂಬರ್ ಹೇಳ್ರಿ.”

ಬಾಗಿ ನಿಂತವಳಿಗೆ ಒಂದು ಅನುಕೂಲ ಉಂಟು, ಎದುರಿನವರ ಮುಖ ಕಾಣುವುದಿಲ್ಲ. “ಮಗಳಿಲ್ಲವಾ,” ಎಂದೆ ನೆಲದ ಕಡೆ ನೋಡುತ್ತಲೇ. “ಮನ್ಯಾಗ ಯಾರೂ ಇಲ್ಲ. ನಾ ಒಬ್ಬಾಕೇ.”

ಹುಡುಗಿ ಫೋನು ಬದಿಗಿಟ್ಟು ನನ್ನ ತೋಳು ಹಿಡಿದುಕೊಂಡಳು. ಹನುಮವ್ವ ನನ್ನ ಬೆನ್ನಿನ ಮೇಲೆ ಎರಡೂ ಅಂಗೈ ಇಟ್ಟು, ರೊಟ್ಟಿ ಬಡಿದು ಒರಟಾದ ಆ ಕೈಗಳಿಂದ ಮೆಲ್ಲಗೆ ನೀವತೊಡಗಿದಳು. “ಅವಸರ ಮಾಡಬ್ಯಾಡ, ತಂಗಿ. ತಾನ ಬಿಡತೈತಿ.” ಹೊರಗೆ ಅವಳ ಮಗ ಬಂದು ಗಾಡಿಯ ಹಾರ್ನ್ ಬಾರಿಸಿದ. “ತಡಿಯೋ, ಬರ್ತೇನಿ,” ಎಂದು ಒದರಿದಳೇ ಹೊರತು ಕೈ ತೆಗೆಯಲಿಲ್ಲ.

ಬೆನ್ನು ಬಿಟ್ಟು ಆಗಲೇ ಎಷ್ಟೋ ಹೊತ್ತಾಗಿತ್ತು. ನಾನು ಹೇಳಲಿಲ್ಲ.