ನಾನು ತಿರುಚಿ ಓದಿದ ಕಥೆ

ಹೆಂಡತಿಗೆ ಓದಲು ಬಾರದೆಂಬ ಒಂದೇ ಧೈರ್ಯದಿಂದ ಒಂದು ಕಾದಂಬರಿಯ ಕೊನೆಯನ್ನು ನಾನು ಅವಳಿಗೆ ಸುಳ್ಳಾಗಿ ಓದಿಹೇಳಿದೆ. ಹನ್ನೊಂದು ವರ್ಷವಾಯಿತು. ಬಚ್ಚಿಟ್ಟು ಬಚ್ಚಿಟ್ಟು ದಣಿದಿದ್ದೇನೆ.

ಆಗ ನಾನು ಮಾಲೂರಿನಲ್ಲಿ ಮೇಷ್ಟ್ರು. ಸಂಜೆ ರಂಗಮ್ಮ ರಾಗಿ ಕೇರುತ್ತ ಕೂತರೆ ನಾನು ಓದುತ್ತಿದ್ದೆ. ಹಗುರವಾದ ಪ್ರೇಮದ ಕಥೆ, ನಮ್ಮ ಕಾಲದ್ದೇ. ಅದರ ಹುಡುಗಿ ಬಾಯಿಬಡುಕಿ, ಸಣ್ಣಪುಟ್ಟದ್ದಕ್ಕೆಲ್ಲ ಸುಳ್ಳು ಹೇಳುವವಳು; ಮನೆಯವರು ಗೊತ್ತುಮಾಡಿದ್ದ ಗಂಡನ್ನು ಒಲ್ಲೆನೆಂದು ಇನ್ನೊಬ್ಬನನ್ನು ಮೆಚ್ಚಿದವಳು. ರಂಗಮ್ಮ ಮೊರ ಕೆಳಗಿಟ್ಟು ನಗುತ್ತಿದ್ದಳು. “ಥೇಟ್ ನಮ್ ಸಾವಿತ್ರೀನೇ ಕಣ್ರೀ!”

ಸಾವಿತ್ರಿ ಅವಳ ತಂಗಿ, ಯಲ್ದೂರಿನ ತವರಿನಲ್ಲಿದ್ದಳು. ಮುಳಬಾಗಿಲಿನ ಗಂಡನ್ನು ಅವಳಿಗೆ ಗೊತ್ತುಮಾಡಿದವನು ನಾನೇ. ಅದೇ ವಾರ ಅವಳು ನಮ್ಮಲ್ಲಿಗೆ ಬಂದು ಅತ್ತಿದ್ದಳು: “ಆ ಮನುಷ್ಯ ಬ್ಯಾಡ ಅಕ್ಕಾ, ನೋಡಿದ್ರೇ ಭಯ ಆಗ್ತದೆ. ಅಪ್ಪಂಗೆ ನೀನಾದ್ರೂ ಹೇಳು.” ಭಾನುವಾರ ಬಂದು ಹೇಳ್ತೀನಿ ಎಂದಿದ್ದಳು ರಂಗಮ್ಮ. ನಾನು ಗಂಡಿನ ಕಡೆಯವರಿಗೆ ಮಾತು ಕೊಟ್ಟಿದ್ದೆ — ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದೆಂದರೆ —

ಪುಸ್ತಕದಲ್ಲಿ ಆ ಹುಡುಗಿಯನ್ನು ಮನೆಯವರು ಕ್ಷಮಿಸುತ್ತಾರೆ, ಮೆಚ್ಚಿದವನೊಂದಿಗೇ ಮದುವೆಯಾಗುತ್ತದೆ. ನಾನು ಪುಟದ ಮೇಲೆ ಕಣ್ಣಿಟ್ಟುಕೊಂಡೇ ಬೇರೆ ಓದಿದೆ. ಮೆಚ್ಚಿದವನು ಕೈಬಿಟ್ಟ, ಅಪ್ಪ ಬಾಗಿಲು ಹಾಕಿಕೊಂಡ, ಅವಳು ಕೆರೆಗೆ ಬಿದ್ದಳು. ಒಂದು ಕಡೆಯೂ ತಡವರಿಸಲಿಲ್ಲ.

ಅಚ್ಚಾದದ್ದೆಲ್ಲ ನಿಜವೆಂದೇ ರಂಗಮ್ಮನ ನಂಬಿಕೆ. ಮೊರವನ್ನು ಮತ್ತೆ ಎತ್ತಿಕೊಂಡು, “ಹಠ ಮಾಡ್ದೋರ ಗತಿ ಇಷ್ಟೇನಾ... ನಾನ್ ಅಪ್ಪಂಗೆ ಏನೂ ಹೇಳಲ್ಲ ಬಿಡ್ರೀ,” ಎಂದಳು.

ಮದುವೆ ನಡೆಯಿತು. ಎರಡನೆಯ ವರ್ಷ ಗಂಡನ ಏಟಿಗೆ ಸಾವಿತ್ರಿಯ ಎಡಗಿವಿ ಹೋಯಿತು. ಬಾವಿಕಟ್ಟೆಯಲ್ಲಿ ಜಾರಿದೆ ಎಂದಳು, ಯಾರೂ ನಂಬಲಿಲ್ಲ. “ಅವತ್ತು ನಾನು ಬಾಯಿ ಬಿಟ್ಟಿದ್ರೆ...” ಎಂದು ರಂಗಮ್ಮ ತನ್ನನ್ನೇ ಹಳಿದುಕೊಂಡಳು, ವರ್ಷಗಟ್ಟಲೆ. ಆಗಲಾದರೂ ನಾನು — ಇಲ್ಲ, ಸಮಾಧಾನ ಮಾಡಿದೆ. ಎಲ್ಲ ಹಣೆಬರಹ ಎಂದೆ.

ಮೊನ್ನೆ, ಈ ಕೋಲಾರದ ಮನೆಯಲ್ಲಿ, ಹೇಳಿದೆ. ರಂಗಮ್ಮ ಕೂಗಾಡಲಿಲ್ಲ. “ನಾನು ಅಳೋದನ್ನ ಇಷ್ಟು ವರ್ಷ ನೋಡ್ತಾ ಕೂತಿದ್ರಾ?” ಎಂದಷ್ಟೇ ಕೇಳಿದಳು. ಎರಡು ಸೀರೆ ಗಂಟು ಕಟ್ಟಿಕೊಂಡು ಮುಳಬಾಗಿಲ ಬಸ್ಸು ಹತ್ತಿದಳು.

ನಾಳೆ ನಾನೂ ಹೋಗುತ್ತೇನೆ. ಸಾವಿತ್ರಿಗೆ, ಅವಳ ಗಂಡನ ಎದುರಿಗೇ, ಎಲ್ಲವನ್ನೂ ಹೇಳುತ್ತೇನೆ. ಬರುತ್ತೇನೆಂದರೆ ಕರೆತರುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ.